ಬಿಲ್ಲೆಯ ತೂಕ

ಅಣ್ಣಿಗೇರಿಯ ಕಮ್ಮಾರಸಾಲೆಯೊಂದರಲ್ಲಿ ಮೊನ್ನೆ ರೈತರೊಬ್ಬರು ಕಬ್ಬಿಣದ ದುಂಡು ಬಿಲ್ಲೆಯ ಬೆಲೆ ಕೇಳುತ್ತಿದ್ದರು: ವ್ಯಾಸ 20 ಸೆಂಟಿಮೀಟರು, ದಪ್ಪ 1. ಬೆಲೆಯೋ ತೂಕದ ಮೇಲೆ. ಆ ತೂಕವನ್ನು ಕತ್ತರಿಸುವ ಮೊದಲೇ ಹೇಳಬೇಕು. ಕಮ್ಮಾರರು ತ್ರಿಜ್ಯದ ವರ್ಗವನ್ನು ಮೂರರಿಂದ ಗುಣಿಸಿ, ಘನ ಸೆಂಟಿಮೀಟರಿಗೆ 7.85 ಗ್ರಾಮಿನಂತೆ, 2355 ಗ್ರಾಂ ಎಂದರು. ಲೆಕ್ಕದ ಗೊಡವೆ ಕನ್ನಡದ ಮಾಸ್ತರನಿಗೇಕೆ? ಆದರೂ ನೃಪತುಂಗನ ಕಾಲದ ಮಹಾವೀರಾಚಾರ್ಯನು ನೆನಪಾದನು. ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಆತನು ವೃತ್ತಕ್ಕೆ ಎರಡು ಲೆಕ್ಕ ಹೇಳಿದ್ದಾನೆ: ಸ್ಥೂಲಕ್ಕೆ 3, ಸೂಕ್ಷ್ಮಕ್ಕೆ ಹತ್ತರ ವರ್ಗಮೂಲ. ಸೂಕ್ಷ್ಮದಂತೆ 2482 ಗ್ರಾಂ, ಇಂದಿನ 3.1416ರಂತೆ 2466. ಸ್ಥೂಲವನ್ನೇ ನಂಬಿದರೆ ಬಿಲ್ಲೆಯೊಂದಕ್ಕೆ 111 ಗ್ರಾಂ ಕಬ್ಬಿಣ ಕಮ್ಮಾರರ ಕೈಯಿಂದಲೇ ಹೋಗುತ್ತದೆ. ಹಾಗೆಂದು ಹೇಳಿದೆ. ಅವರು ಸೀಮೆಸುಣ್ಣದಿಂದ ಬಾಗಿಲ ಮೇಲೆ 3.14 ಎಂದು ಬರೆದುಕೊಂಡರು. ರೈತರ ಮುಖ ಮಾತ್ರ ಚಿಕ್ಕದಾಯಿತು: “ಹಳೀ ಲೆಕ್ಕಾನ ಛಲೋ ಇತ್ತಲ್ರೀ, ಮಾಸ್ತರ!”