ಬಹುಮುಖ ನಟನೂ ಸಾಹಿತ್ಯದ ಋಣವೂ

ನಟನೊಬ್ಬನನ್ನು ಮೆಚ್ಚಿದಾಗ ನಾವು ಸಾಮಾನ್ಯವಾಗಿ ಆಡುವ ಮಾತು ‘ಬಹುಮುಖ ಪ್ರತಿಭೆ’ ಎಂಬುದು. ಈ ಮಾತು ಬಳಸಿ ಬಳಸಿ ಸವೆದ ನಾಣ್ಯದಂತಾಗಿದೆ. ಅದರ ಮೇಲಿನ ಮುದ್ರೆ ಯಾವುದೆಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ವೇಷ ಬದಲಿಸಿದವರೆಲ್ಲ ಬಹುಮುಖರಲ್ಲ. ತನ್ನತನವನ್ನು ಬದಿಗಿರಿಸಿ, ಮತ್ತೊಬ್ಬನ ಬಾಳನ್ನು ಒಳಗಿನಿಂದ ಅರಿತು ಬದುಕಿ ತೋರಿಸುವವನು ಮಾತ್ರ ಆ ಹೆಸರಿಗೆ ಅರ್ಹನು. ಈ ದೃಷ್ಟಿಯಿಂದ ಕನ್ನಡ ರಂಗಭೂಮಿ ಹಾಗೂ ಚಲನಚಿತ್ರಗಳೆರಡರಲ್ಲಿಯೂ ದುಡಿದ ದಿವಂಗತ ಲೋಕೇಶರ ಕಲಾಜೀವನವನ್ನು ಪರಾಮರ್ಶಿಸುವುದು ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಉಪಯುಕ್ತವಾದೀತೆಂದು ನನ್ನ ನಂಬಿಕೆ.

1947ರಲ್ಲಿ ಜನಿಸಿದ ಲೋಕೇಶರಿಗೆ ಕಲೆಯು ಪಿತ್ರಾರ್ಜಿತವಾಗಿ ಬಂದುದು. ಅವರ ತಂದೆ ಸುಬ್ಬಯ್ಯ ನಾಯ್ಡು ಅವರು ವೃತ್ತಿರಂಗಭೂಮಿಯ ಹೆಸರಾಂತ ನಟರು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾಗಿ ಅಭಿನಯಿಸಿದವರು. ಮಗನೂ 1958ರ ‘ಭಕ್ತ ಪ್ರಹ್ಲಾದ’ದಲ್ಲಿ ಬಾಲನಟನಾಗಿ ಕಾಣಿಸಿಕೊಂಡನು. ಆದರೆ ತಂದೆಯ ಆಸ್ತಿಯನ್ನು ಕುಳಿತು ತಿನ್ನುವ ಮಗನಂತೆ ಲೋಕೇಶರು ವರ್ತಿಸಲಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬೆಳೆದ ಕಂಪನಿ ನಾಟಕದ ಅಭಿನಯಕ್ಕೆ ಕಡೆಯ ಸಾಲಿನ ಪ್ರೇಕ್ಷಕನನ್ನೂ ಮುಟ್ಟುವ ಕಂಠ ಬೇಕು. ಕ್ಯಾಮೆರಾಕ್ಕಾದರೋ ಕಣ್ಣಂಚಿನ ಚಲನೆಯೇ ಸಾಕು. ಮೊದಲನೆಯದನ್ನು ನೆನಪಿನಲ್ಲಿರಿಸಿಕೊಂಡು ಎರಡನೆಯದನ್ನು ಹೊಸದಾಗಿ ಕಲಿಯುವುದು ಸುಲಭಸಾಧ್ಯವಲ್ಲ. ಈ ಎರಡು ದಡಗಳ ನಡುವೆ ಅವರಿಗೆ ಸೇತುವೆಯಾದುದು ಹವ್ಯಾಸಿ ರಂಗಭೂಮಿ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ನಟರಂಗ’ ತಂಡವು ಮಾಸ್ತಿಯವರ ‘ಕಾಕನಕೋಟೆ’ಯನ್ನು ಆಡಿದಾಗ ಕಾಡಿನ ಜನರ ನಾಯಕನಾದ ಕಾಚನ ಪಾತ್ರವನ್ನು ಲೋಕೇಶರು ವಹಿಸಿದರು. ಅದೇ ನಾಟಕವನ್ನು 1977ರಲ್ಲಿ ಸಿ. ಆರ್. ಸಿಂಹ ಅವರು ಚಿತ್ರವಾಗಿಸಿದಾಗಲೂ ಕಾಚನಾದವರು ಅವರೇ.

ಚಿತ್ರರಂಗದಲ್ಲಿ ಅವರು ನಿರ್ವಹಿಸಿದ ಕೆಲವು ಪಾತ್ರಗಳನ್ನು ಒಂದರ ಪಕ್ಕ ಒಂದನ್ನಿರಿಸಿ ನೋಡೋಣ. 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಊರಿನ ದ್ವೇಷಕ್ಕೆ ಗುರಿಯಾದ ತಂದೆಯ ಮಗನಾಗಿ, ದರ್ಪದಿಂದ ಪಶ್ಚಾತ್ತಾಪದೆಡೆಗೆ ಸಾಗುವ ಮನುಷ್ಯನೊಬ್ಬನನ್ನು ಅವರು ಚಿತ್ರಿಸಿದರು. 1978ರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ಹಳ್ಳಿಯಿಂದ ಹಳ್ಳಿಗೆ ಸರಕು ಹೊತ್ತು ಮಾರುವ, ಪೇಟೆಯ ಬೆಡಗನ್ನು ತಾನೇ ಹಳ್ಳಿಗೆ ತಂದು ಅದರಿಂದಲೇ ನೋಯುವ ಮುಗ್ಧನಾದರು. 1983ರ ‘ಬ್ಯಾಂಕರ್ ಮಾರ್ಗಯ್ಯ’ದಲ್ಲಿ ಸಹಕಾರಿ ಬ್ಯಾಂಕಿನ ಎದುರಿನ ಮರದಡಿ ಪೆಟ್ಟಿಗೆಯಿಟ್ಟುಕೊಂಡು, ರೈತರಿಗೆ ಸಾಲದ ಅರ್ಜಿ ಬರೆದುಕೊಡುತ್ತ ಹಣದ ಮೋಹದಲ್ಲಿ ಏರಿ ಬೀಳುವ ವ್ಯವಹಾರಸ್ಥನಾದರು. 1991ರ ‘ಭುಜಂಗಯ್ಯನ ದಶಾವತಾರ’ವನ್ನು ತಾವೇ ನಿರ್ದೇಶಿಸಿ, ಒಂದು ಕಸುಬು ಕೈಕೊಟ್ಟರೆ ಇನ್ನೊಂದನ್ನು ಹಿಡಿಯುವ ಸಾಮಾನ್ಯನಾಗಿ ನಟಿಸಿದರು. ಈ ನಾಲ್ವರ ನಡಿಗೆ ಬೇರೆ, ಮಾತು ಬೇರೆ, ಆಸೆ ಬೇರೆ. ಅವರೆಲ್ಲರೂ ಒಬ್ಬನೇ ನಟನೆಂಬುದು ಪ್ರೇಕ್ಷಕನಿಗೆ ಮರೆತುಹೋಗುತ್ತದೆ. ನಟನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೊಂದಿಲ್ಲ.

ಇಷ್ಟನ್ನು ಹೇಳಿ ಮುಗಿಸಿದರೆ ಇದು ಕೇವಲ ಗುಣಗಾನವಾದೀತು. ನಾನು ಓದುಗರ ಗಮನವನ್ನು ಸೆಳೆಯಬಯಸುವುದು ಇನ್ನೊಂದು ಸಂಗತಿಯೆಡೆಗೆ. ಮೇಲೆ ಹೆಸರಿಸಿದ ಪಾತ್ರಗಳೆಲ್ಲ ಬಂದುದು ಎಲ್ಲಿಂದ? ಕಾಚನು ಮಾಸ್ತಿಯವರ ನಾಟಕದಿಂದ, ಅಯ್ಯು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕಥೆಯಿಂದ, ಗೆಂಡೆತಿಮ್ಮ ಮತ್ತು ಭುಜಂಗಯ್ಯರು ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಗಳಿಂದ, ಮಾರ್ಗಯ್ಯನು ಆರ್. ಕೆ. ನಾರಾಯಣರ ಕಾದಂಬರಿಯಿಂದ. ಐದಕ್ಕೆ ಐದೂ ಸಾಹಿತ್ಯದ ಕೊಡುಗೆ! ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ನಾಯಕನ ವರ್ಚಸ್ಸನ್ನು ಬೆಳೆಸಲೆಂದೇ ಹೆಣೆದ ಕಥೆಯಲ್ಲಿ ನಟನು ತನ್ನನ್ನೇ ಮತ್ತೆ ಮತ್ತೆ ತೋರಿಸಿಕೊಳ್ಳಬೇಕಾಗುತ್ತದೆ. ಮನುಷ್ಯನ ದೌರ್ಬಲ್ಯವನ್ನೂ ಘನತೆಯನ್ನೂ ಒಟ್ಟಿಗೆ ಕಂಡ ಲೇಖಕನ ಕೃತಿಯಾದರೋ ನಟನಿಗೆ ಇನ್ನೊಬ್ಬನಾಗುವ ಅವಕಾಶವನ್ನು ನೀಡುತ್ತದೆ. ಬೀಜ ಎಷ್ಟೇ ಉತ್ತಮವಾಗಿದ್ದರೂ ಹದವಾದ ನೆಲವಿಲ್ಲದೆ ಪೈರು ಬಾರದು. ಬಹುಮುಖ ನಟನಿಗೆ ಸಾಹಿತ್ಯವೇ ಆ ನೆಲ.

ಲೋಕೇಶರಿಗೆ ತಾರಾಪಟ್ಟ ದೊರೆಯಲಿಲ್ಲವೆಂದು ಮರುಗುವವರಿದ್ದಾರೆ. ಆ ಮರುಕದಲ್ಲಿ ನಾನು ಪಾಲ್ಗೊಳ್ಳಲಾರೆ. ತಾರೆಯಾದವನು ತನ್ನ ಅಭಿಮಾನಿಗಳ ನಿರೀಕ್ಷೆಗೆ ಬಂದಿಯಾಗುವುದುಂಟು. ಗೆಂಡೆತಿಮ್ಮನಂತೆ ಪೆಚ್ಚಾಗಿ ನಿಲ್ಲುವ ಸ್ವಾತಂತ್ರ್ಯ ಅವನಿಗಿರುವುದಿಲ್ಲ. ನಿಜವಾಗಿ ಮರುಗಬೇಕಾದುದು ಬೇರೆ. ಇಂಥ ನಟರು ನಮ್ಮ ನಡುವೆ ಇದ್ದಾಗಲೂ ಅವರ ಶಕ್ತಿಗೆ ತಕ್ಕ ಪಾತ್ರಗಳನ್ನು ನಾವು ವಿರಳವಾಗಿ ಒದಗಿಸಿದೆವು. ‘ಬಹುಮುಖ ನಟ’ರೆಂದು ಹೊಗಳಿ, ಶಾಲು ಹೊದಿಸಿ, ಬಳಿಕ ಒಂದೆರಡು ದೃಶ್ಯಗಳ ಪೋಷಕ ಪಾತ್ರಕ್ಕೆ ಕರೆಯುವುದು ಗೌರವವೆನಿಸದು. 2004ರ ಅಕ್ಟೋಬರಿನಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ನಷ್ಟವಾದುದು ಒಬ್ಬ ವ್ಯಕ್ತಿಯಷ್ಟೇ ಅಲ್ಲ. ಅವರು ಧರಿಸಬಹುದಾಗಿದ್ದ ಎಷ್ಟೋ ಪಾತ್ರಗಳು ಕನ್ನಡದ ಪುಸ್ತಕಗಳಲ್ಲಿಯೇ ಉಳಿದುಹೋದವು.

ಶಾಲೆಯ ಸಂಚಿಕೆಯಲ್ಲಿ ಈ ವಿಚಾರವೇಕೆಂದು ಯಾರಾದರೂ ಕೇಳಬಹುದು. ನಟನಿಗೆ ಬೇಕಾದ ನೆಲವನ್ನು ಹದಮಾಡುವ ಕೆಲಸ ಆರಂಭವಾಗುವುದು ತರಗತಿಯಲ್ಲಿಯೇ. ಇಂದು ಅನೇಕ ಶಾಲೆಗಳ ವಾರ್ಷಿಕ ಸ್ನೇಹಸಮ್ಮೇಳನಗಳಲ್ಲಿ ನಾಟಕವು ಮೂಲೆಗೆ ಸರಿದು, ಧ್ವನಿಮುದ್ರಿತ ಹಾಡಿಗೆ ಹೆಜ್ಜೆ ಹಾಕುವುದೇ ಪ್ರಧಾನವಾಗಿದೆ. ಹಾಡು ಕುಣಿತಗಳು ಬೇಡವೆಂದಲ್ಲ. ಆದರೆ ಜಿಪುಣನೊಬ್ಬನ ಪಾತ್ರ ಧರಿಸಿದ ಬಾಲಕನು ಜಿಪುಣತನವನ್ನು ಬೈಯುವುದಕ್ಕೆ ಮೊದಲು ಅದರ ಹಿಂದಿರುವ ಭಯವನ್ನು ಅರಿಯುತ್ತಾನೆ. ಹೊರೆ ಹೊತ್ತು ಮಾರುವವನಾಗಿ ನಟಿಸಿದ ಬಾಲಕಿಯು ಮರುದಿನ ಬೀದಿಯಲ್ಲಿ ಅಂಥವನನ್ನು ಕಂಡಾಗ ಬೇರೆಯೇ ಕಣ್ಣಿನಿಂದ ನೋಡುತ್ತಾಳೆ. ನೂರು ನೀತಿಬೋಧೆಗಳು ಮಾಡಲಾರದ ಕೆಲಸವಿದು.

ಆದುದರಿಂದ ನನ್ನ ಸೂಚನೆ ಸರಳವಾದುದು. ಪ್ರತಿ ತರಗತಿಯೂ ವರ್ಷಕ್ಕೊಮ್ಮೆ ತನ್ನ ಪಠ್ಯದಲ್ಲಿನ ಒಂದು ಕಥೆಯನ್ನು ಆರಿಸಿ, ಮಕ್ಕಳಿಂದಲೇ ಸಂಭಾಷಣೆ ಬರೆಯಿಸಿ, ರಂಗಕ್ಕೆ ತರಲಿ. ಬಣ್ಣ, ಪರದೆ, ದೀಪಗಳ ಆಡಂಬರ ಬೇಕಿಲ್ಲ. ಶಾಲೆಯ ಜಗುಲಿಯೇ ಸಾಕು. ಅವರೆಲ್ಲರೂ ನಟರಾಗಬೇಕಾಗಿಲ್ಲ. ನಾಳೆ ಒಬ್ಬ ಲೋಕೇಶರು ಹುಟ್ಟಿಬಂದಾಗ ಅವರಿಗೆ ಪಾತ್ರ ಬರೆಯಬಲ್ಲವರೂ, ಆ ಪಾತ್ರವನ್ನು ಗುರುತಿಸಿ ಮೆಚ್ಚಬಲ್ಲವರೂ ಈ ಮಕ್ಕಳ ನಡುವಿನಿಂದ ಬರಲಿ ಎಂಬುದೇ ನನ್ನ ಹಾರೈಕೆ.