ತೆರೆದ ಎಲೆಗಳ ಆಟ
ಬ್ಲ್ಯಾಕ್‌ಜಾಕ್‌ನಲ್ಲಿ ಡೀಲರ್‌ನ ಒಂದು ಎಲೆ ಬೋರಲಾಗಿರುತ್ತದೆ. ‘ಡಬಲ್ ಎಕ್ಸ್‌ಪೋಶರ್’ ಎಂಬ ಬಗೆಯಲ್ಲಿ ಎರಡೂ ಅಂಗಾತ. ಎದುರಾಳಿಯ ಕೈಯೆಲ್ಲ ಕಂಡಮೇಲೆ ಸೋಲೆಲ್ಲಿ ಅನ್ನಿಸೀತು. ಕ್ಯಾಸಿನೊದ ಜಾಣತನ ಅಲ್ಲೇ: ಲೆಕ್ಕ ಸಮವಾದರೆ ಮಾಮೂಲಿ ಆಟದಲ್ಲಿ ಪಣ ವಾಪಸು, ಇಲ್ಲಿ ಡೀಲರ್ ಪಾಲು. ಎಕ್ಕದ ಜೊತೆ ರಾಜನೋ ರಾಣಿಯೋ ಬಿದ್ದಾಗ ಸಿಗುತ್ತಿದ್ದ ಒಂದೂವರೆ ಪಟ್ಟು ಒಂದಕ್ಕಿಳಿಯುತ್ತದೆ. ಹಾಗಾಗಿ ಆಟದ ವಿವೇಕವೇ ಬುಡಮೇಲು. ಡೀಲರ್ ಮುಂದೆ 20 ಇದ್ದರೆ, ನಿಮ್ಮಲ್ಲಿ ಜೋಡಿ ರಾಜರಿದ್ದರೂ ಇನ್ನೊಂದು ಎಲೆ ಕೇಳಲೇಬೇಕು, ಸುಮ್ಮನಿದ್ದರೆ ಸೋಲು ಖಚಿತ (ಉಳಿಸುವುದು ಎಕ್ಕವೊಂದೇ, ಪಾಪ!). ಅವರದು 15, 16 ಆದರೆ ಕೈ ಬಿಚ್ಚಿ ಆಡಿ: 17 ಮುಟ್ಟುವವರೆಗೆ ಡೀಲರ್ ಎಲೆ ಎಳೆಯಲೇಬೇಕು, 21 ದಾಟುವ ಸಂಭವವೇ ಹೆಚ್ಚು. ಆಗ ಅದೇ ಜೋಡಿ ರಾಜರನ್ನು ಒಡೆದು ಎರಡು ಕೈ ಮಾಡಿಕೊಳ್ಳುವುದು ಲಾಭ; ಮಾಮೂಲಿ ಮೇಜಿನಲ್ಲಿ ಹಾಗೆ ಮಾಡಿದರೆ ಪಕ್ಕದವರು ನಕ್ಕಾರು.