ಟೀ ಶರ್ಟ್‌ಗೆ ಬಂದ ಹುಡುಗರಿಗೆ ಕೆಲಸ ಕೊಟ್ಟವರು ಯಾರು?

2020ರ ಅಕ್ಟೋಬರ್ ಶುರುವಾಗುತ್ತಿದ್ದಂತೆ, ಗಿಟ್‌ಹಬ್‌ನಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವವರಿಗೆ ತಲೆನೋವು ಶುರುವಾಯಿತು. ಡಿಜಿಟಲ್‌ಓಷನ್ ಕಂಪನಿಯ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್, ಅಂದ್ರೆ ನಾಲ್ಕು ತಿದ್ದುಪಡಿ ಕಳಿಸಿದರೆ ಟೀ ಶರ್ಟ್ ಫ್ರೀ. ಭಾರತದ ಯೂಟ್ಯೂಬ್ ಪಾಠವೊಂದು ಸುಲಭದ ದಾರಿ ತೋರಿಸಿತು. ರೀಡ್‌ಮಿ ಫೈಲಿಗೆ 'ಅಮೇಜಿಂಗ್ ಪ್ರಾಜೆಕ್ಟ್' ಅಂತ ಸೇರಿಸಿ ಕಳಿಸಿದರೂ ಲೆಕ್ಕಕ್ಕೆ ಬರ್ತಿತ್ತು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು, ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಮಾತ್ರ ಅವಕಾಶ. 2024ರ ಫೆಬ್ರವರಿಯಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ಗೂ ಇದೇ ಗತಿ. ಬಂದವರು ರೀಡ್‌ಮಿಯಲ್ಲಿ ತಮ್ಮ ಹೆಸರು ಬರೆದು ಹೋದರು.

ಆಗ 'ಭಾರತೀಯ ವಿದ್ಯಾರ್ಥಿಗಳು ಅಂದ್ರೆ ಸ್ಪ್ಯಾಮ್' ಅನ್ನೋ ಮಾತು ಹರಿದಾಡಿತು. ಅದರಲ್ಲಿ ಜನಾಂಗೀಯ ವಾಸನೆ ಇತ್ತು, ಇರಲಿ. ಆದರೆ ಗಿಟ್‌ಹಬ್‌ನ 2017ರ ಸಮೀಕ್ಷೆ ನೋಡಿ: ಡಾಕ್ಯುಮೆಂಟೇಶನ್ ಅರೆಬರೆ ಅಥವಾ ಹಳತಾಗಿರೋದು ಸಮಸ್ಯೆ ಅಂದವರು ಶೇ 93. ಅದನ್ನು ಬರೆಯೋದೇ ಇಲ್ಲ ಅಥವಾ ಅಪರೂಪ ಅಂದ ಕೊಡುಗೆದಾರರು ಶೇ 60. ಅಂದ್ರೆ ಬರೆಯುವ ಕೈಗಳು ಬೇಕಿದ್ದ ಜಾಗಕ್ಕೇ ಕೈಗಳು ಬಂದಿದ್ದವು. ಏನು ಮಾಡಬೇಕು ಅಂತ ಹೇಳುವವರು ಇರಲಿಲ್ಲ, ಅಷ್ಟೇ.

ಹೊಸಬರಿಗೆ ಒಂದು ದೊಡ್ಡ ಅನುಕೂಲ ಇದೆ: ಅವರಿಗೆ ಏನೂ ಗೊತ್ತಿರಲ್ಲ. ಹತ್ತು ವರ್ಷದಿಂದ ಕೋಡ್ ಬರೆದವನಿಗೆ ಇನ್‌ಸ್ಟಾಲ್ ಮಾಡುವಾಗಿನ ಮೂರನೇ ಹೆಜ್ಜೆ ಬಿಟ್ಟುಹೋಗಿರೋದು ಕಾಣಲ್ಲ, ಮೊದಲ ಸಲ ಮಾಡುವವಳು ಅಲ್ಲೇ ಸಿಕ್ಕಿಬೀಳ್ತಾಳೆ. 'ವಿಂಡೋಸ್‌ನಲ್ಲಿ ಇದನ್ನು ಓಡಿಸಿ, ಎಲ್ಲಿ ನಿಂತಿತೋ ಅಲ್ಲಿಂದ ಬರೆಯಿರಿ' ಅಂತ ಕೆಲಸ ಕೊಟ್ಟರೆ ಬರಹ ತಾನಾಗೇ ಉಪಯುಕ್ತ ಆಗುತ್ತೆ. 'ಡಾಕ್ಸ್ ಸುಧಾರಿಸಿ' ಅಂದ್ರೆ ಅಲ್ಪವಿರಾಮ ತಿದ್ದಿ ಕಳಿಸ್ತಾರೆ. ಮತ್ತೆ, ಬರೆದವಳ ಪ್ರಶ್ನೆಗೆ ಆ ಕೋಡ್ ಬರೆದವರು ಎರಡು ದಿನದೊಳಗೆ ಉತ್ತರ ಕೊಡಬೇಕು. ಎರಡು ವಾರ ಕಾದ ಸ್ವಯಂಸೇವಕಿ ವಾಪಸ್ ಬರಲ್ಲ.

ಈ ಕೆಲಸ ಹಂಚೋದು, ಓದಿ ತಿದ್ದೋದು, ನೆನಪಿಸೋದು ಪುಕ್ಕಟೆ ನಡೆಯಲ್ಲ. ಗೂಗಲ್ 2019ರಲ್ಲಿ ಸೀಸನ್ ಆಫ್ ಡಾಕ್ಸ್ ಶುರುಮಾಡಿ ಬರಹಗಾರರಿಗೆ ಹಣ ಕೊಟ್ಟಿತು, 2021ರಿಂದ ಹಣವನ್ನು ಪ್ರಾಜೆಕ್ಟ್‌ಗಳ ಕೈಗೇ ಕೊಟ್ಟಿತು. ಸಣ್ಣ ಪ್ರಾಜೆಕ್ಟ್‌ಗಳಿಗೆ ಆ ಭಾಗ್ಯ ಇಲ್ಲ, ಅಲ್ಲಿ ನಡೆಸುವವರೂ ರಾತ್ರಿ ಹೊತ್ತು ದುಡಿಯುವ ಸ್ವಯಂಸೇವಕರೇ.

ಬೆಂಗಳೂರಿನ ಐಟಿ ಕಂಪನಿಗಳು ಇದೇ ಪ್ರಾಜೆಕ್ಟ್‌ಗಳ ಮೇಲೆ ಪ್ರಾಡಕ್ಟ್ ಕಟ್ಟಿ ಮಾರ್ತವೆ. ಒಬ್ಬ ಎಂಜಿನಿಯರ್‌ಗೆ ವಾರಕ್ಕೆ ನಾಲ್ಕು ಗಂಟೆ, ಸಂಬಳದ ಸಮಯದಲ್ಲೇ, ಹೊಸಬರ ಡಾಕ್ಸ್ ಓದಿ ತಿದ್ದಲು ಬಿಡಿ ಅಂತ ಕೇಳೋದು ದುಬಾರಿ ಬೇಡಿಕೆಯೇನಲ್ಲ. ಇದನ್ನು ಒಳಗಿರುವ ನೌಕರರೇ ಎತ್ತಬೇಕು.